ಹೆಸರು, ತಂದೆಯ ಹೆಸರು, ಊರು

೨ ಜೂನ್ ೨೦೨೫, ಸೋಮವಾರ. ಫಾರೆಸ್ಟ್ ಲೇಕ್, ಬ್ರಿಸ್ಬೇನ್

ಬೆಳಿಗ್ಗೆ ೬-೧೦. ನಾನು, ಪಂಚಾಕ್ಷರಿ ಬಿನ್ ರುದ್ರಪ್ಪ, ವಯಸ್ಸು ಅರವತ್ತನಾಲ್ಕು, ನಿವೃತ್ತ ಪೊಲೀಸ್ ಇನ್‌ಸ್ಪೆಕ್ಟರ್, ಸ್ವಂತ ಊರು ದಾವಣಗೆರೆ, ಹಾಲಿ ವಾಸ ಮಗಳ ಮನೆ, ಈ ದಿನ ಹೊಸ ನೋಟ್‌ಬುಕ್ ತೆರೆದಿರುತ್ತೇನೆ. ಹಳೆಯದು ಮೊನ್ನೆಗೆ ತುಂಬಿತು. ಮೂವತ್ತೆಂಟು ವರ್ಷ ಠಾಣೆಯ ದಿನಚರಿ ಬರೆದ ಕೈ ಇದು. ದಿನಕ್ಕೆ ನಾಲ್ಕು ಸಾಲು ಗೀಚದಿದ್ದರೆ ಊಟ ಸೇರುವುದಿಲ್ಲ. ಮೊಮ್ಮಗಳು ಅದಿತಿ ಇಣುಕಿ ನೋಡಿ, “ತಾತಾ, ಯು ಹ್ಯಾವ್ ಟು ಸ್ಟಾರ್ಟ್ ವಿತ್ ಡಿಯರ್ ಡೈರಿ” ಅಂದಳು. ಡೈರಿಗೆ ಯಾಕಮ್ಮ ಮುದ್ದು ಮಾಡಬೇಕು ಅಂದೆ.

೭-೩೦. ಕೆರೆಯ ಸುತ್ತ ಒಂದು ಸುತ್ತು. ಈ ಕೆರೆಯನ್ನು ಬಡಾವಣೆ ಕಟ್ಟಿದವರೇ ತೋಡಿದ್ದು. ನೀರು, ಬಾತುಕೋಳಿ, ಬೆಂಚು, ಎಲ್ಲ ನಕ್ಷೆಯಲ್ಲಿದ್ದ ಹಾಗೇ ಇವೆ.

೧೦-೦೦. ಅಡಿಲೇಡ್‌ನ ಕಂಪನಿಯಿಂದ ಇಮೇಲ್. ಅಂತಿಮ ವರದಿ ಆಗಸ್ಟ್ ಮೊದಲ ವಾರಕ್ಕೆ ಬೇಕಂತೆ. ಕಂಪನಿಯ ಕೆಲಸ ಏನೆಂದರೆ, ಯುದ್ಧ ಮುಗಿದ ದೇಶಗಳಲ್ಲಿ ದಾನಿ ಸರ್ಕಾರಗಳ ಪರವಾಗಿ ರಸ್ತೆ, ಶಾಲೆ, ಪೊಲೀಸು ಎಲ್ಲವನ್ನೂ ಮತ್ತೆ ನಿಲ್ಲಿಸುವುದು. ಯುದ್ಧ ಮುಗಿದಿದೆ ಅನ್ನುವುದು ಕಾಗದದಲ್ಲಿ ಇರುತ್ತದೆ. ಅಂಥ ಒಂದು ದೇಶದ ಗಡಿ ಊರಿನಲ್ಲಿ ಎರಡು ವರ್ಷ ಪೊಲೀಸರಿಗೆ ಪಾಠ ಹೇಳಿದೆ. ನನ್ನ ಕೆಲಸದ ಹೆಸರು ಭದ್ರತಾ ಸುಧಾರಣೆ. ದೇಶದ ಹೆಸರು ಎಲ್ಲಿಯೂ ಬರೆಯಬಾರದೆಂದು ಸಹಿ ಹಾಕಿಕೊಟ್ಟಿದ್ದೇನೆ. ಸಹಿ ಅಂದರೆ ಸಹಿ, ಇಲ್ಲಿಯೂ ಬರೆಯುವುದಿಲ್ಲ. ಫೆಬ್ರವರಿಯಲ್ಲಿ ದಾನಿಗಳು ಹಣ ನಿಲ್ಲಿಸಿದರು. ನಾಲ್ಕು ದಿನದಲ್ಲಿ ಗಂಟುಮೂಟೆ ಕಟ್ಟಿಸಿ ನಮ್ಮನ್ನು ವಿಮಾನ ಹತ್ತಿಸಿದರು. ಅಲ್ಲಿಯವರು ಅಲ್ಲಿಯೇ ಉಳಿದರು.

೧೧-೦೦. ರೆಬೆಕಾಳಿಗೆ ಗುಡ್ ಮಾರ್ನಿಂಗ್ ಕಳಿಸಿದೆ. ಸದರಿ ರೆಬೆಕಾ ಅಲ್ಲಿನ ಠಾಣೆಯ ಮಹಿಳಾ ಕಾನ್‌ಸ್ಟೆಬಲ್, ವಯಸ್ಸು ಇಪ್ಪತ್ತಾರು, ನನ್ನ ಶಿಷ್ಯೆ. ವಾಟ್ಸಾಪ್‌ನಲ್ಲಿ ಒಂದೇ ಟಿಕ್ ಬಿತ್ತು, ತಲುಪಿಲ್ಲ. ಹೀಗೆ ಆಗಲು ಶುರುವಾಗಿ ಇಂದಿಗೆ ಐವತ್ತನಾಲ್ಕು ದಿನ. ಪರ್ತ್‌ನಲ್ಲಿ ಅವಳ ತಮ್ಮ ಸೈಮನ್ ಇದ್ದಾನೆ, ನಿರಾಶ್ರಿತನಾಗಿ ಬಂದು ದ್ರಾಕ್ಷಿ ತೋಟದಲ್ಲಿ ದುಡಿಯುವವನು. ಅವನಿಗೂ ಸುದ್ದಿ ಇಲ್ಲವಂತೆ. ಫೋನ್ ಕಳೆದಿರಬೇಕು. ಟವರ್‌ಗಳೂ ಬಿದ್ದಿವೆ ಅಂತ ಓದಿದೆ.

೫ ಜೂನ್, ಗುರುವಾರ

೯-೦೦. ವರದಿಯ ಎರಡನೇ ಅಧ್ಯಾಯ, ರಿಜಿಸ್ಟರ್ ವಿಷಯ. ಇದನ್ನು ಬರೆಯುವಾಗ ಎದೆ ಉಬ್ಬುತ್ತದೆ, ಸುಳ್ಳು ಯಾಕೆ ಹೇಳಲಿ.

ನಾನು ಹೋದಾಗ ಆ ಠಾಣೆಯಲ್ಲಿ ಒಂದಕ್ಷರ ಬರೆದಿಡುವ ಪದ್ಧತಿ ಇರಲಿಲ್ಲ. ಹೆಂಗಸು ಅಳುತ್ತ ಬರುವಳು, ಪೇದೆ ಒಂದು ಲೋಟ ನೀರು ಕೊಟ್ಟು ಕಳಿಸುವನು, ಮುಗಿಯಿತು. ನಾಳೆ ಕೇಳಿದರೆ ಯಾರು ಬಂದಿದ್ದರು ಅಂತ ದೇವರಿಗೇ ಗೊತ್ತು. ನನಗೆ ಮೈ ಉರಿಯಿತು. ರೆಕ್ಸಿನ್ ರಟ್ಟಿನ ಮೂರು ದಪ್ಪ ರಿಜಿಸ್ಟರ್ ತರಿಸಿ, ನಮ್ಮ ಠಾಣೆಯ ಮಾದರಿಯಲ್ಲಿ ನಾನೇ ಸ್ಕೇಲು ಹಿಡಿದು ಗೆರೆ ಹಾಕಿದೆ. ದೂರು ಕೊಟ್ಟವರ ಹೆಸರು, ತಂದೆಯ ಹೆಸರು, ಊರು, ದೂರಿನ ವಿವರ, ಎಡಗೈ ಹೆಬ್ಬೆಟ್ಟು. ಬರೆದದ್ದು ಮಾತ್ರ ಪೊಲೀಸು, ಉಳಿದದ್ದೆಲ್ಲ ಹರಟೆ ಅಂತ ಬೋರ್ಡಿನ ಮೇಲೆ ಬರೆಸಿದ್ದೆ.

ರೆಬೆಕಾಳ ಅಕ್ಷರ ಮುತ್ತು ಪೋಣಿಸಿದ ಹಾಗೆ. ಅವಳಿಗೇ ರಿಜಿಸ್ಟರ್ ಒಪ್ಪಿಸಿದೆ. ವರ್ಷದೊಳಗೆ ಮೂರು ಹಳ್ಳಿ ಆಚೆಯಿಂದಲೂ ಹೆಂಗಸರು ನಡೆದುಕೊಂಡು ಬರತೊಡಗಿದರು. ದೂರುಗಳು ಬಹುಪಾಲು ಕಮಾಂಡರನ ಹುಡುಗರ ಮೇಲೆ. ಕಮಾಂಡರ್ ಅಂದರೆ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದ ಮೇಲೂ ಬಂದೂಕು ಕೆಳಗಿಡದವನು. ಅವನ ಹುಡುಗರು ದಾರಿಗೆ ಮರ ಅಡ್ಡ ಹಾಕಿ ಆಡು ಹಿಡಿದುಕೊಳ್ಳುತ್ತಿದ್ದರು. ಹುಡುಗಿಯರನ್ನೂ.

ಒಂದು ದಿನ ರೆಬೆಕಾ ಕೇಳಿದಳು: “ಸರ್, ತಂದೆಯ ಹೆಸರು ಬೇಕೇ ಬೇಕಾ? ನಮ್ಮಲ್ಲಿ ತಂದೆಯ ಹೆಸರು, ಊರು ಎರಡೂ ಹೇಳಿದರೆ ಮನೆಯ ಬಾಗಿಲು ತೋರಿಸಿದ ಹಾಗೆ. ಬರೀ ನಂಬರ್ ಹಾಕಲಾ?”

ನಂಬರ್ ಹಾಕುವುದು ಕೈದಿಗಳಿಗೆ, ಹೆಸರು ಬರಿ ಅಂದೆ. ಬರೆದಳು.

ಏಪ್ರಿಲ್ ಒಂಬತ್ತರ ಮಧ್ಯಾಹ್ನ ಅವಳ ಫೋನ್ ಬಂದಿತ್ತು. ಅಲ್ಲಿಗೂ ಇಲ್ಲಿಗೂ ಐದು ಗಂಟೆ ವ್ಯತ್ಯಾಸ, ಅಲ್ಲಿ ಬೆಳಿಗ್ಗೆ. ಹುಡುಗರ ಗಾಡಿಗಳು ಊರಿನ ಹೊರಗೆ ಬಂದು ನಿಂತಿವೆ, ಜನ ಗಡಿಯ ಸೇತುವೆ ದಾಟುತ್ತಿದ್ದಾರೆ, ಮೇಲಧಿಕಾರಿ ಫೋನ್ ಎತ್ತುತ್ತಿಲ್ಲ ಅಂದಳು. “ಸರ್, ರಿಜಿಸ್ಟರ್ ಸುಟ್ಟುಬಿಡಲಾ?” ಅಂತ ಕೇಳಿದಳು.

ತಲೆಯ ಮೇಲೆ ತಲೆ ಬಿದ್ದರೂ ಪೊಲೀಸಿನವನು ರಿಜಿಸ್ಟರ್ ಸುಡುವುದಿಲ್ಲ ಅಂದೆ. ಬೀರುವಿನಲ್ಲಿಟ್ಟು ಬೀಗ ಹಾಕು, ಮೇಲಧಿಕಾರಿಗೆ ಕೀ ಒಪ್ಪಿಸು, ಸಹಿ ತಗೋ, ಆಮೇಲೆ ಹೊರಡು. “ಯೆಸ್ ಸರ್” ಅಂದಳು.

ಸರಿಯಾಗಿಯೇ ಹೇಳಿದ್ದೇನೆ. ಯಾವ ಕೋರ್ಟಿನಲ್ಲಿ ಬೇಕಾದರೂ ಹೇಳುತ್ತೇನೆ.

೧೩ ಜೂನ್, ಶುಕ್ರವಾರ

೧೧-೦೦. ಕಂಪ್ಯೂಟರಿನಲ್ಲಿ ಮೀಟಿಂಗ್. ವಿಭಾಗದ ಮುಖ್ಯಸ್ಥೆ ಹೆಲೆನ್, ಜೊತೆಗೆ ನಮ್ಮ ಮೈಸೂರಿನ ಹುಡುಗಿ ನಿಖಿಲಾ. ಅಂಕಿಅಂಶ ನೋಡಿಕೊಳ್ಳುವವಳು ಅವಳೇ. ಒಟ್ಟು ದಾಖಲಾದ ದೂರು ಒಂದು ಸಾವಿರದ ನೂರ ಇಪ್ಪತ್ತಾರು. ಗುರಿ ಇದ್ದದ್ದು ಐನೂರು. ಹೆಲೆನ್ “ಫೆಂಟಾಸ್ಟಿಕ್” ಅಂದಳು. ರೆಬೆಕಾ ಎಲ್ಲಿದ್ದಾಳೆ ಅಂತ ನಾನು ಕೇಳಿದ್ದಕ್ಕೆ, ಅದು ಬೇರೆ ವಿಭಾಗಕ್ಕೆ ಸೇರಿದ್ದು ಅಂದಳು.

೨-೦೦. ಮಧ್ಯಾಹ್ನದ ನಿದ್ದೆ ಬರಲಿಲ್ಲ.

೧೯ ಜೂನ್, ಗುರುವಾರ

ಸೈಮನ್ ಫೋನ್ ಮಾಡಿದ. “ಅಕ್ಕ ಇಲ್ಲ ಸರ್” ಅಂದ. ಠಾಣೆಯ ಅಡುಗೆಯವಳು ಹೇಗೋ ಗಡಿ ದಾಟಿ ಶಿಬಿರ ಸೇರಿದ್ದಾಳೆ, ಅವಳು ಹೇಳಿದಳಂತೆ. ರೆಬೆಕಾ ಊರು ಬಿಟ್ಟು ಹೋಗಲಿಲ್ಲ, ಠಾಣೆಯಲ್ಲಿಯೇ ಇದ್ದಳು, ಅಲ್ಲಿಯೇ ಕೊಂದರು. ಏಪ್ರಿಲ್ ಒಂಬತ್ತರಂದೇ.

“ಉಳಿದದ್ದು ಫೋನಿನಲ್ಲಿ ಬೇಡ ಸರ್” ಅಂತ ಅವನೇ ಇಟ್ಟ.

ಎಪ್ಪತ್ತೊಂದು ದಿನ ನಾನು ಯಾರಿಗೆ ಗುಡ್ ಮಾರ್ನಿಂಗ್ ಕಳಿಸುತ್ತಿದ್ದೆ?

೨೨ ಜೂನ್, ಭಾನುವಾರ

ಹೆಂಡತಿ ಗೌರಿ ರೊಟ್ಟಿ ಹಾಕಿದ್ದಳು. ಗಟ್ಟಿಯಾಗಿದೆ ಅಂತ ತಟ್ಟೆ ತಳ್ಳಿದೆ. ನಲವತ್ತು ವರ್ಷದಲ್ಲಿ ಅವಳ ರೊಟ್ಟಿಗೆ ಹೆಸರಿಟ್ಟವನಲ್ಲ ನಾನು. ಮಗಳು ನಿವೇದಿತಾ, “ಅಪ್ಪಾಜಿ, ಯಾರತ್ರನಾದ್ರೂ ಮಾತಾಡಿ, ಕೌನ್ಸೆಲರ್ ಬುಕ್ ಮಾಡ್ತೀನಿ” ಅಂದಳು. ನಾನು ಎಷ್ಟು ಜನರಿಗೆ ಸಾವಿನ ಸುದ್ದಿ ಮುಟ್ಟಿಸಿದವನು ಗೊತ್ತಾ, ನನಗೆ ಹೇಳಿಕೊಡಬೇಡ ಅಂತ ಕೂಗಾಡಿದೆ. ಅದಿತಿ ಹೆದರಿ ಒಳಗೆ ಹೋದಳು.

ಹೊರಗೆ ಕಸದ ಡಬ್ಬಿಯ ಮೇಲೆ ಆ ಉದ್ದ ಕೊಕ್ಕಿನ ಹಕ್ಕಿ ಕೂತಿತ್ತು. ಇಲ್ಲಿಯವರು ಬಿನ್ ಚಿಕನ್ ಅನ್ನುತ್ತಾರೆ. ಅದಕ್ಕೂ ಚಪ್ಪಲಿ ಎಸೆದೆ. ಅದು ಹಾರಲೂ ಇಲ್ಲ, ಪಕ್ಕಕ್ಕೆ ಸರಿದು ಕೂತಿತು.

ಒಂದೇ ಯೋಚನೆ. ಮೇಲಧಿಕಾರಿಗಳೆಲ್ಲ ಓಡಿಹೋಗಿದ್ದರು, ಅದು ಈಗ ಎಲ್ಲರಿಗೂ ಗೊತ್ತಿರುವ ವಿಷಯ. ಇಲ್ಲದ ಅಧಿಕಾರಿಗೆ ಕೀ ಒಪ್ಪಿಸಲು ಅವಳು ಕಾಯುತ್ತ ಕೂತಿದ್ದಳು. ನಾನು ಹೇಳಿದ್ದೆನಲ್ಲ, ಅದಕ್ಕೆ. ಆ ಬೀರುವಿನಲ್ಲಿ ಒಂದು ಸಾವಿರದ ನೂರ ಇಪ್ಪತ್ತಾರು ಮನೆಗಳ ಬಾಗಿಲು ಇತ್ತು. ಅದಕ್ಕೂ ನಾನೇ ಗೆರೆ ಹಾಕಿದ್ದು.

೨೭ ಜೂನ್, ಶುಕ್ರವಾರ. ಅಡಿಲೇಡ್

ಕಂಪನಿಯವರು ಕರೆಸಿದ್ದರು. ಇಲ್ಲಿ ಮೂಳೆಗೆ ಇಳಿಯುವ ಚಳಿ. ಹತ್ತನೇ ಮಹಡಿಯ ಕೋಣೆಯಲ್ಲಿ ಹೆಲೆನ್ ಒಂದು ಹಾಳೆ ಮುಂದಿಟ್ಟಳು. ಸಾವಿನ ಬಗ್ಗೆ ವರದಿಯಲ್ಲಿ ಒಂದು ಪ್ಯಾರಾ ಬರಬೇಕಂತೆ, ಬರೆದೂ ಆಗಿತ್ತು. “ಸ್ಥಳೀಯ ಸಿಬ್ಬಂದಿಯೊಬ್ಬರು ನಿಗದಿತ ಕ್ರಮವನ್ನು ಪಾಲಿಸದೆ ಠಾಣೆಯಲ್ಲಿಯೇ ಉಳಿದುಕೊಂಡಿದ್ದರು. ದಾಖಲೆಗಳ ಸ್ಥಿತಿ ತಿಳಿದುಬಂದಿಲ್ಲ.” ಕೆಳಗೆ ಸಲಹೆಗಾರನಾದ ನನ್ನ ಸಹಿಗೆ ಜಾಗ. ಹೆಸರೂ ಹಾಕಿರಲಿಲ್ಲ, ಸ್ಥಳೀಯ ಸಿಬ್ಬಂದಿಯೊಬ್ಬರು ಅಷ್ಟೇ. ಯೋಚಿಸಿ ಕಳಿಸುತ್ತೇನೆ ಅಂದೆ. ಹೆಲೆನ್ ಕೆಟ್ಟವಳಲ್ಲ. ನನ್ನ ಕೈ ಹಿಡಿದು ಸಾರಿ ಅಂದಳು, ಕಣ್ಣಲ್ಲಿ ನೀರೂ ಇತ್ತು. ಆದರೆ ಪ್ಯಾರಾ ಹಾಗೇ ಇತ್ತು.

ನಿಖಿಲಾ ಪ್ರಾಸ್ಪೆಕ್ಟ್‌ನ ತನ್ನ ಮನೆಗೆ ಊಟಕ್ಕೆ ಕರೆದುಕೊಂಡು ಹೋದಳು. ದಾರಿಯಲ್ಲಿ ಪ್ರಾಸ್ಪೆಕ್ಟ್ ರೋಡಿನ ನಮ್ಮವರ ಅಂಗಡಿಯಲ್ಲಿ ಕಾರು ನಿಲ್ಲಿಸಿ ನನಗಾಗಿಯೇ ಮಂಡಕ್ಕಿ ತಗೊಂಡಳು. ದಾವಣಗೆರೆಯವರಿಗೆ ಮಂಡಕ್ಕಿ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಅಂತ ಯಾರೋ ಹೇಳಿರಬೇಕು.

“ಅಂಕಲ್, ನೀವು ಏನೂ ತಿಂತಾನೇ ಇಲ್ಲ.”

“ಅವತ್ತು ಅವಳು ನನಗೆ ಫೋನ್ ಮಾಡಿದ್ಲಮ್ಮ. ಸುಟ್ಬಿಡ್ಲಾ ಸರ್ ಅಂತ ಕೇಳಿದ್ಲು. ನಾನು ಬೇಡ ಅಂದೆ.”

ಅವಳು ಸಾರು ಬಡಿಸುತ್ತಿದ್ದವಳು ನಿಂತಳು. ಸೌಟು ಕೆಳಗಿಟ್ಟು ಕೇಳಿದಳು: “ಇದು ಬೇರೆ ಯಾರಿಗಾದ್ರೂ ಗೊತ್ತಾ?”

“ಇಲ್ಲ.”

“ಮತ್ತೆ ಬಿಡಿ ಅಂಕಲ್, ಪ್ಲೀಸ್. ನೀವು ಹೇಳಿದ್ರೂ ಅವಳು ವಾಪಸ್ ಬರಲ್ಲ. ಆ ರಿಜಿಸ್ಟರ್ ಫಾರ್ಮ್ಯಾಟ್ ತುಂಬಾ ಚೆನ್ನಾಗಿದೆ ಅಂತ ಮೂರು ಪ್ರೆಸೆಂಟೇಶನ್‌ನಲ್ಲಿ ನಾನೇ ಹಾಕಿದ್ದೀನಿ. ನನಗೆ ನಿದ್ದೆ ಬರ್ತಿದೆ ಅಂದ್ಕೊಂಡ್ರಾ?”

ಅವಳ ಮೇಲೆ ಸಿಟ್ಟು ಬರಲಿಲ್ಲ. ನಿಜ ಹೇಳು, ಹಗುರಾಗ್ತೀಯ ಅಂತ ಎಷ್ಟು ಆರೋಪಿಗಳಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಎದುರಿಗೆ ಕೂತವನಿಗೆ ಆ ಮಾತು ಹೇಗೆ ಕೇಳಿಸುತ್ತದೆ ಅನ್ನುವುದು ಇವತ್ತು ಗೊತ್ತಾಯಿತು.

೪ ಜುಲೈ, ಶುಕ್ರವಾರ

ರಿಜಿಸ್ಟರಿನಲ್ಲಿದ್ದ ಹೆಂಗಸರು ನೆನಪಾಗುತ್ತಾರೆ. ತಿಂಗಳಿಗೊಮ್ಮೆ ಮೂರೂ ಪುಸ್ತಕ ತಿರುವಿ ಸಹಿ ಹಾಕುತ್ತಿದ್ದವನು ನಾನು. ನೆನಪಿರುವವರನ್ನಾದರೂ ಬರೆಯೋಣ ಅಂತ ಕೂತೆ. ಹೆಸರು ಬಾಯಿಗೆ ಬಂತು, ಪೆನ್ನು ಮುಂದೆ ಹೋಗಲಿಲ್ಲ. ಹೀಗೆ ಬರೆದೆ:

ಆಡು ಕಳೆದುಕೊಂಡವಳು.
ಎಡಗಣ್ಣು ಊದಿಕೊಂಡು ಬಂದವಳು.
ಮಗಳನ್ನು ಹುಡುಕುತ್ತಿದ್ದವಳು, ಮಗಳ ಲಂಗದ ತುಂಡು ತೋರಿಸಿದವಳು.
ಹೆಬ್ಬೆಟ್ಟು ಒತ್ತುವಾಗ ನಕ್ಕವಳು.
ಬೆಂಚಿನ ಮೇಲೆ ಕೂರಲು ಒಪ್ಪದೆ ನೆಲದ ಮೇಲೆ ಕೂತವಳು.

ಹದಿನೇಳು ಜನ ಆದರು. ಆಮೇಲೆ ಕಣ್ಣು ಕಾಣಲಿಲ್ಲ.

೯ ಜುಲೈ, ಬುಧವಾರ

ಗೌರಿಗೆ ಎಲ್ಲ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಿದ್ದಳು. ಕೊನೆಯವರೆಗೂ ಕೈ ನಿಲ್ಲಿಸಲಿಲ್ಲ.

“ಆ ಹುಡುಗಿಗೆ ತಾಯಿ ಇದ್ದಾಳೇನ್ರೀ?”

“ಇಲ್ಲ. ತಮ್ಮ ಒಬ್ಬನೇ.”

“ಹಂಗಾದ್ರೆ ಅವನ ಹತ್ರ ಹೋಗಿ ಹೇಳಿಬರ್ರಿ. ಕಂಪನಿಗೆ ಆಮೇಲೆ ಬರೀರಿ, ಬರೀದೆ ಇರ್ರಿ. ಮೊದಲು ಮನೆಯೋರಿಗೆ ಹೇಳ್ಬೇಕು.”

“ಅವನು ಹೊಡೆದ್ರೆ?”

“ಹೊಡೆಸ್ಕೊಂಡು ಬರ್ರಿ” ಅಂದಳು. ಆಮೇಲೆ ಸೊಪ್ಪು ಅಲ್ಲೇ ಬಿಟ್ಟು ಒಳಗೆ ಹೋಗಿ ಅತ್ತಳು. ಆ ಹುಡುಗಿ ವಿಡಿಯೊ ಕಾಲ್‌ನಲ್ಲಿ ಗೌರಿಯನ್ನು ಅಮ್ಮ ಅನ್ನುತ್ತಿದ್ದಳು. ನಾನೇ ಹೇಳಿಕೊಟ್ಟ ಶಬ್ದ.

೧೮ ಜುಲೈ, ಶುಕ್ರವಾರ. ಪರ್ತ್

ಐದೂವರೆ ಗಂಟೆ ವಿಮಾನ. ನನ್ನ ಜೊತೆ ಕೆಲಸ ಮಾಡಿದ ಹೆಡ್ ಕಾನ್‌ಸ್ಟೆಬಲ್ ಒಬ್ಬರ ಮಗ ಉದಯಶಂಕರ್ ಇಲ್ಲಿದ್ದಾನೆ, ಗಣಿಗಳಲ್ಲಿ ಭೂವಿಜ್ಞಾನಿ. ಎರಡು ವಾರ ಗಣಿ, ಒಂದು ವಾರ ಮನೆ. ಅವನ ಮನೆಯ ವಾರ ನೋಡಿಕೊಂಡೇ ಬಂದೆ.

“ನಾಳೆ ಸ್ವಾನ್ ವ್ಯಾಲಿಗೆ ಹೋಗ್ಬೇಕು ಅಂದ್ರಲ್ಲ ಅಂಕಲ್, ವೈನ್ ಟೇಸ್ಟಿಂಗಾ? ಆಂಟಿಗೆ ಗೊತ್ತಾ?” ಅಂತ ಕಣ್ಣು ಮಿಟುಕಿಸಿದ. ಒಬ್ಬರ ಸಾವಿಗೆ ಮಾತಾಡಿಸಿ ಬರಬೇಕು ಅಂದೆ. ಪಾಪ, ಹುಡುಗ ಮುಖ ಸಣ್ಣದು ಮಾಡಿಕೊಂಡ. ಆಮೇಲೆ ಸರ್ವೋದಲ್ಲಿ ಪೆಟ್ರೋಲ್ ಹಾಕಿಸುವಾಗ ಕೇಳದೆಯೇ ನನಗೊಂದು ಕಾಫಿ ತಂದುಕೊಟ್ಟ.

ಹೇಳಬೇಕಾದದ್ದನ್ನು ಹಾಳೆಯ ಮೇಲೆ ಬರೆದು ಬಾಯಿಪಾಠ ಮಾಡಿದ್ದೇನೆ. ಒಂಬತ್ತು ವಾಕ್ಯ.

೧೯ ಜುಲೈ, ಶನಿವಾರ. ಪರ್ತ್

ಹೋಗಿಬಂದೆ. ಇವತ್ತು ಬರೆಯಲಾರೆ.

೨೦ ಜುಲೈ, ಭಾನುವಾರ. ಪರ್ತ್

ಬರೆಯುತ್ತೇನೆ.

ಇದು ದ್ರಾಕ್ಷಿ ಬಳ್ಳಿ ಸವರುವ ಕಾಲ. ಎಲೆ ಒಂದೂ ಇಲ್ಲ, ಸಾಲು ಸಾಲು ಮೋಟು ಬಳ್ಳಿ. ಶನಿವಾರವೂ ಕೆಲಸ ಇತ್ತು. ಸೈಮನ್ ಕತ್ತರಿ ಹಿಡಿದುಕೊಂಡೇ ಬಂದ. ತೆಳ್ಳಗೆ, ಉದ್ದಕ್ಕೆ, ಅಕ್ಕನದೇ ಹಣೆ. ಶೆಡ್ಡಿನ ಪಕ್ಕ ಮರದ ಪೆಟ್ಟಿಗೆಗಳ ಮೇಲೆ ಕೂತೆವು. ಫ್ಲಾಸ್ಕಿನಿಂದ ಟೀ ಬಗ್ಗಿಸಿಕೊಟ್ಟ. ಉದಯಶಂಕರ್ ದೂರದಲ್ಲಿ ಕಾರಿನಲ್ಲಿಯೇ ಇದ್ದ.

ಒಂಬತ್ತು ವಾಕ್ಯ ಹೇಳಿದೆ. ನಿನ್ನ ಅಕ್ಕ ಸುಡಲಾ ಅಂತ ಕೇಳಿದಳು. ನಾನು ಬೇಡ ಅಂದೆ. ಮೇಲಧಿಕಾರಿಗೆ ಕೀ ಕೊಡು ಅಂದೆ. ಅವನನ್ನು ಕಾಯುತ್ತ ಅವಳು ಅಲ್ಲಿ ಉಳಿದಳು. ತಪ್ಪು ಅವಳದಲ್ಲ, ನನ್ನದು. ಹೀಗೆ ಎಲ್ಲ.

ಅವನು ಪೂರ್ತಿ ಕೇಳಿದ. ಕತ್ತರಿಯ ಅಲಗನ್ನು ಪ್ಯಾಂಟಿಗೆ ಒರೆಸಿದ. ಆಮೇಲೆ ಹೇಳಿದ: “ಕೀ ಕೊಡುವುದಕ್ಕೆ ಅಲ್ಲ ಸರ್ ಅವಳು ಕಾದದ್ದು.”

ಅವತ್ತು ಅವಳು ತಮ್ಮನಿಗೆ ನಾಲ್ಕು ಸಲ ಫೋನ್ ಮಾಡಿದ್ದಳಂತೆ. ಮೊದಲ ಸಲ, ಸರ್ ಬೇಡ ಅಂದರು ಅಂದಳು. ಇವನು, ಎಲ್ಲ ಬಿಟ್ಟು ಓಡು, ಸೇತುವೆ ದಾಟು ಅಂದ. ಹೆಸರುಗಳನ್ನು ಬಿಟ್ಟು ಹೇಗೆ ಹೋಗಲಿ, ಸರ್ ಮತ್ತೆ ಫೋನ್ ಮಾಡುತ್ತಾರೆ ತಾಳು ಅಂದಳಂತೆ. ಅವನು ಅವಳ ದನಿಯಲ್ಲೇ ಹೇಳಿದ: “ಸರ್ ಯಾವಾಗಲೂ ಹಾಗೇ. ಮೊದಲು ಬೇಡ ಅಂತಾರೆ. ಆಮೇಲೆ ಟೀ ಕುಡಿದು, ಯೋಚನೆ ಮಾಡಿ, ತಾವೇ ಫೋನ್ ಮಾಡಿ ಹೂಂ ಅಂತಾರೆ. ಹೆಂಗಸರಿಗೆ ಬೆಂಚು ಕೇಳಿದಾಗಲೂ ಹಾಗೇ ಮಾಡಿದರು. ಅವರು ಹೂಂ ಅಂದರೆ ನಿಶ್ಚಿಂತೆಯಿಂದ ಸುಟ್ಟು ಹೊರಡುತ್ತೇನೆ.”

ಎರಡನೇ ಸಲ ಮಾಡಿದಾಗ, ಇನ್ನೂ ಬಂದಿಲ್ಲ ಅಂದಳು. ನೀನೇ ಮಾಡು ಅಂತ ಇವನು ಹೇಳಿದ್ದಕ್ಕೆ, ಹಿರಿಯರು ಒಮ್ಮೆ ಹೇಳಿದ ಮೇಲೆ ಮತ್ತೆ ಕೇಳಿದರೆ ಅವಮಾನ ಮಾಡಿದ ಹಾಗೆ ಅಂದಳಂತೆ. ಅದು ಅವರಲ್ಲಿ ಇರುವ ಪದ್ಧತಿ, ನನಗೆ ಗೊತ್ತು. ಗೊತ್ತಿತ್ತು. ಮೂರನೇ ಸಲ, ಅಲ್ಲಿಯ ಮಧ್ಯಾಹ್ನ ಹನ್ನೆರಡಕ್ಕೆ, ಸೇತುವೆ ಮುಚ್ಚಿಬಿಟ್ಟರು ಅಂದಳು.

ನಾಲ್ಕನೇ ಸಲ ಮಾಡಿದಾಗ ಕೆಮ್ಮುತ್ತಿದ್ದಳು. ಅಡುಗೆಯವಳ ಒಲೆಯ ಮುಂದೆ ಕೂತು ಒಂದೊಂದೇ ಹಾಳೆ ಹರಿದು ಹಾಕುತ್ತಿದ್ದಳು. ರಟ್ಟು ದಪ್ಪ, ಇಡೀ ಪುಸ್ತಕ ಬೆಂಕಿ ಹಿಡಿಯುವುದಿಲ್ಲ. “ಸರ್‌ಗೆ ಹೇಳಬೇಡ, ಬೇಜಾರು ಮಾಡಿಕೊಳ್ಳುತ್ತಾರೆ” ಅಂದಳಂತೆ. ಅದಕ್ಕೇ ಇವನು ಇಷ್ಟು ದಿನ ನನಗೆ ಹೇಳಿರಲಿಲ್ಲ.

ಉಳಿದದ್ದು ಅಡುಗೆಯವಳು ಕಂಡದ್ದು. ಹುಡುಗರು ಒಳಗೆ ಬರುವ ಹೊತ್ತಿಗೆ ಮೂರೂ ಪುಸ್ತಕ ಬೂದಿ. ಯಾರು ಯಾರು ದೂರು ಕೊಟ್ಟರು ಹೇಳು ಅಂದರು. ಅಷ್ಟು ಹೆಸರನ್ನೂ ಅವಳೇ ಕೈಯಾರೆ ಬರೆದಿದ್ದಳು. ನನಗೆ ಓದು ಬರಹ ಬರುವುದಿಲ್ಲ ಅಂದಳಂತೆ. ಯೂನಿಫಾರ್ಮ್ ಹಾಕಿಕೊಂಡೇ ಹಾಗೆ ಅಂದಳಂತೆ. ಎಷ್ಟು ಸಲ ಕೇಳಿದರೂ ಅಷ್ಟೇ ಅಂದಳು.

ಒಬ್ಬ ಹೆಂಗಸಿನ ಬಾಗಿಲಿಗೂ ಅವರಿಂದ ಹೋಗಲಾಗಲಿಲ್ಲ.

ನಾನು ಅಲ್ಲಿಯೇ, ಆ ಪೆಟ್ಟಿಗೆಯ ಮೇಲೆ, ಮುಖ ಮುಚ್ಚಿಕೊಂಡು ಅತ್ತೆ. ಸೈಮನ್ ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. ಟೀ ಆರಿತು ಅಂತ ಚೆಲ್ಲಿ ಬೇರೆ ಬಗ್ಗಿಸಿಕೊಟ್ಟ.

ಹೊರಡುವಾಗ ಕೇಳಿದ: “ಒಂದು ಮಾತು ಸರ್. ಸಿಟ್ಟಿನಿಂದ ಕೇಳುತ್ತಿಲ್ಲ, ತಿಳಿದುಕೊಳ್ಳಬೇಕು ಅಷ್ಟೇ. ಅವತ್ತು ನಿಮಗೆ ತುಂಬಾ ಕೆಲಸ ಇತ್ತಾ?”

ನೆನಪಿಲ್ಲಪ್ಪ ಅಂದೆ. ನಿಜವಾಗಿಯೂ ನೆನಪಿರಲಿಲ್ಲ. ಮನೆಗೆ ಹೋಗಿ ನೋಡಿ ಹೇಳುತ್ತೇನೆ ಅಂದೆ.

೨೬ ಜುಲೈ, ಶನಿವಾರ. ಫಾರೆಸ್ಟ್ ಲೇಕ್

ಕಂಪನಿಗೆ ಮೂರು ದಿನದ ಹಿಂದೆ ಹೇಳಿಕೆ ಕಳಿಸಿದ್ದೆ. ಅವಳು ಕ್ರಮ ತಪ್ಪಲಿಲ್ಲ. ಸುಡಲು ಅನುಮತಿ ಕೇಳಿದಳು, ನಾನು ನಿರಾಕರಿಸಿದೆ. ಆಮೇಲೆ ತನ್ನ ವಿವೇಚನೆಯಿಂದ ಸುಟ್ಟಳು. ಅವಳು ಮಾಡಿದ್ದು ಸರಿ, ನಾನು ಹೇಳಿದ್ದು ತಪ್ಪು. ತಂದೆಯ ಹೆಸರು, ಊರು ಬೇಡ ಅಂತ ಅವಳು ಮೊದಲೇ ಹೇಳಿದ್ದಳು. ಅದನ್ನೂ ಬರೆದೆ. ಕೆಳಗೆ ಸಹಿ.

ಸಹಿ ಹಾಕುವ ಮೊದಲು ಒಂದು ಆಸೆ ಬಂದಿತ್ತು. ಸುಡು ಅಂತ ನಾನೇ ಹೇಳಿದೆ ಎಂದು ಬರೆದುಬಿಡೋಣ ಅನ್ನಿಸಿತು. ಇಲ್ಲವೆನ್ನಲು ಯಾರಿದ್ದಾರೆ? ಕೇಳಿದವರೆಲ್ಲ ನನ್ನನ್ನು ಹೊಗಳುತ್ತಿದ್ದರು. ಆ ಮಗುವಿನ ಕೈಯಿಂದ ಅದೊಂದನ್ನೂ ಕಿತ್ತುಕೊಳ್ಳಲು ಹೊರಟಿದ್ದೆನಲ್ಲ ಅಂತ ಹೇಸಿಗೆಯಾಯಿತು.

ಇವತ್ತು ನಿಖಿಲಾ ಫೋನ್ ಮಾಡಿದಳು. ಶನಿವಾರ, ಆಫೀಸಿನ ಫೋನಿನಿಂದ ಅಲ್ಲ.

“ಅಂಕಲ್, ನಿಮ್ಮ ಸ್ಟೇಟ್‌ಮೆಂಟ್ ಲೀಗಲ್‌ನವರು ಹಾಕೋಕೆ ಬಿಡ್ಲಿಲ್ಲ. ಹೆಲೆನ್ ಎರಡು ದಿನ ಜಗಳ ಆಡಿದ್ರು, ಆಗ್ಲಿಲ್ಲ.”

“ಆ ಪ್ಯಾರಾ?”

“ಅದನ್ನೂ ತೆಗೆದ್ಬಿಟ್ರು. ನೀವು ಸೈನ್ ಹಾಕಿಲ್ವಲ್ಲ.”

“ಹಂಗಾದ್ರೆ ರೆಬೆಕಾ?”

ಅವಳು ಮೂಗು ಎಳೆದುಕೊಂಡ ಸದ್ದು ಕೇಳಿಸಿತು. ವರದಿಯಲ್ಲಿ ಒಂದು ಸಾವಿರದ ನೂರ ಇಪ್ಪತ್ತಾರು ಇದೆ, ಅದನ್ನು ಬರೆದವಳು ಇಲ್ಲ. “ಆ ಮೂರು ಪ್ರೆಸೆಂಟೇಶನ್ ನಾನು ಡಿಲೀಟ್ ಮಾಡ್ದೆ ಅಂಕಲ್” ಅಂದಳು. ಒಳ್ಳೇದು ಮಾಡಿದೆಯಮ್ಮ ಅಂದೆ. ಹೇಳಿಕೆಯ ಒಂದು ಪ್ರತಿ ಸೈಮನ್‌ಗೆ ಕಳಿಸಿದ್ದೇನೆ. ಅವನ ಹತ್ತಿರವಾದರೂ ಇರಲಿ.

೩೧ ಜುಲೈ, ಗುರುವಾರ

ಪರ್ತ್‌ನಿಂದ ಬಂದು ಹತ್ತು ದಿನವಾದರೂ ಹಳೆಯ ನೋಟ್‌ಬುಕ್ ಮುಟ್ಟಿರಲಿಲ್ಲ. ಕಪಾಟಿನಲ್ಲಿ ಎದುರಿಗೇ ಇತ್ತು. ಗೌರಿ ದೇವಸ್ಥಾನಕ್ಕೆ ಹೋದಳು, ಅದಿತಿ ಶಾಲೆಗೆ. ಮನೆಯಲ್ಲಿ ಯಾರೂ ಇಲ್ಲದಾಗ ತೆಗೆದೆ. ಏಪ್ರಿಲ್ ಒಂಬತ್ತು, ಬುಧವಾರ. ಇದ್ದದ್ದನ್ನು ಇದ್ದ ಹಾಗೆ ಇಳಿಸುತ್ತೇನೆ.

“೧೨-೧೦. ರೆಬೆಕಾಳಿಂದ ಫೋನ್, ರಿಜಿಸ್ಟರ್ ಬಗ್ಗೆ. ತಕ್ಕ ಸೂಚನೆ ಕೊಟ್ಟೆ. ೧-೦೦. ಊಟ. ಹೀರೇಕಾಯಿ ಪಲ್ಯ ಚೆನ್ನಾಗಿತ್ತು. ೧-೩೦ರಿಂದ ೩-೩೦, ನಿದ್ದೆ. ೪-೦೦. ಟೀ. ೪-೩೦. ಗೌರಿಯ ಜೊತೆ ಕೆರೆಯ ಸುತ್ತ ಎರಡು ಸುತ್ತು, ಹವೆ ಹಿತವಾಗಿತ್ತು. ೭-೦೦. ಟಿವಿ.”

ಇಲ್ಲಿ ನಾಲ್ಕು ಅಂದರೆ ಅಲ್ಲಿ ಹನ್ನೊಂದು. ನಾನು ಟೀ ಕುಡಿದಾಗ ಸೇತುವೆ ಮುಚ್ಚಲು ಇನ್ನೂ ಒಂದು ಗಂಟೆ ಇತ್ತು.

ಸೈಮನ್‌ಗೆ ಮೆಸೇಜ್ ಬರೆಯಲು ಇಡೀ ಮಧ್ಯಾಹ್ನ ಹಿಡಿಯಿತು. ಉದ್ದಕ್ಕೆ ಏನೇನೋ ಬರೆದೆ, ಅಳಿಸಿದೆ. ಕೊನೆಗೆ ಅವನು ಕೇಳಿದ್ದಕ್ಕೆ ಉತ್ತರ ಮಾತ್ರ ಕಳಿಸಿದೆ: “ಇಲ್ಲಪ್ಪ. ಅವತ್ತು ನನಗೆ ಏನೂ ಕೆಲಸ ಇರಲಿಲ್ಲ.”